ಗಣಿತಸಾರಸಂಗ್ರಹದ ಸ್ಪರ್ಶವೃತ್ತಗಳು ಮತ್ತು ಓಲೆಯ ಕನ್ನಡ ಟಿಪ್ಪಣಿ

ಕೆಲವು ತಿಂಗಳ ಹಿಂದೆ ನೆರೆಮನೆಯ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಮನೆಗೆಲಸಕ್ಕೆ ಕೊಟ್ಟಿದ್ದ ರೇಖಾಗಣಿತದ ಲೆಕ್ಕವೊಂದನ್ನು ಹಿಡಿದುಕೊಂಡು ಈ ಲೇಖಕನಲ್ಲಿಗೆ ಬಂದನು. ತ್ರಿಭುಜವೊಂದರ ಭುಜಗಳು 13, 14 ಮತ್ತು 15. ಮೂರು ಭುಜಗಳನ್ನೂ ಒಳಗಿನಿಂದ ಮುಟ್ಟುವ ವೃತ್ತದ ತ್ರಿಜ್ಯವೆಷ್ಟು ಎಂಬುದು ಪ್ರಶ್ನೆ. "ಉತ್ತರ ನಾಲ್ಕು ಎಂದು ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದಾರೆ ಸರ್. ಹೇಗೆ ಬಂತು ಎನ್ನುವುದು ಮಾತ್ರ ತಿಳಿಯುವುದಿಲ್ಲ" ಎಂದು ಅವನು ಹೇಳಿದನು. ಅವನ ಪುಸ್ತಕದಲ್ಲಿ ಪ್ರಮೇಯವಿತ್ತು, ಉತ್ತರವಿತ್ತು. ಅವೆರಡರ ನಡುವಣ ದಾರಿ ಇರಲಿಲ್ಲ. ಒಂದು ಚಿತ್ರವನ್ನು ಬರೆದು, ವೃತ್ತದ ಕೇಂದ್ರದಿಂದ ಮೂರು ಸ್ಪರ್ಶಬಿಂದುಗಳಿಗೆ ಮೂರು ಗೆರೆಗಳನ್ನು ಎಳೆದು ತೋರಿಸಿದೊಡನೆ ಹುಡುಗನ ಮುಖ ಅರಳಿತು.

ಅಂದು ಅವನನ್ನು ಕಳುಹಿಸಿದ ಮೇಲೆ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಅಧಿಕಾರವನ್ನು ಮತ್ತೊಮ್ಮೆ ತೆರೆದು ನೋಡಿದಾಗ ಮನಸ್ಸಿಗೆ ಹೊಳೆದ ವಿಚಾರವೇ ಈ ಲೇಖನಕ್ಕೆ ಕಾರಣ. ಅದೇ ಲೆಕ್ಕವನ್ನು ಬಿಡಿಸುವ ಸೂತ್ರ ಅಲ್ಲಿದೆ. ಆದರೆ ಸೂತ್ರವನ್ನು ಓದಿದ ಶಿಷ್ಯನಿಗೂ ಈ ಬಾಲಕನಿಗೆ ಒದಗಿದ ತೊಡಕೇ ಒದಗುತ್ತಿದ್ದಿತು. ಆ ತೊಡಕನ್ನು ನೀಗಿಸಲು ನಮ್ಮ ಹಿರಿಯರು ಏನು ಮಾಡಿದರು, ಅವರು ಮಾಡಿದ್ದು ಓಲೆಗಳಲ್ಲಿ ಯಾವ ರೂಪದಲ್ಲಿ ಉಳಿದಿದೆ, ನಾವು ಅದನ್ನು ಹೇಗೆ ಕಂಡಿದ್ದೇವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಗ್ರಂಥ ಮತ್ತು ಅದರ ಪ್ರತಿಗಳು

ಮಹಾವೀರಾಚಾರ್ಯರು ತಮ್ಮ ಗ್ರಂಥದ ಆದಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಪ್ರಶಂಸಿಸಿದ್ದಾರೆ. ಆ ಅರಸನ ಆಳ್ವಿಕೆ ಸುಮಾರು ಕ್ರಿ.ಶ. 814ರಿಂದ 878ರವರೆಗಿನದು, ಗ್ರಂಥವು ಸುಮಾರು 850ರ ಆಸುಪಾಸಿನದೆಂದು ವಿದ್ವಾಂಸರು ಎಣಿಸುತ್ತಾರೆ. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ ಮತ್ತು ಛಾಯೆ ಎಂದು ಇದರಲ್ಲಿ ಒಂಬತ್ತು ವಿಭಾಗಗಳು. ಏಳನೆಯದಾದ ಕ್ಷೇತ್ರಗಣಿತವೇ ನಮ್ಮ ವಿಷಯ.

ಈ ಗ್ರಂಥವನ್ನು ಮೊತ್ತಮೊದಲು ಅಚ್ಚಿಗೆ ತಂದವರು ಮದರಾಸಿನ ಪ್ರೊ. ಎಂ. ರಂಗಾಚಾರ್ಯರು. ಸಂಸ್ಕೃತ ಮೂಲ, ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಅದು 1912ರಲ್ಲಿ ಪ್ರಕಟವಾಯಿತು. ಅವರು ಬಳಸಿದ ಪ್ರತಿಗಳ ವಿವರವನ್ನು ಪೀಠಿಕೆಯಲ್ಲಿ ಕೊಟ್ಟಿದ್ದಾರೆ. ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಆ ವಿವರವು ಬಹು ಮುಖ್ಯವಾದುದು. ಮದರಾಸಿನ ಭಂಡಾರದಲ್ಲಿ ಅವರಿಗೆ ಮೊದಲು ದೊರೆತವು ಮೂರು ಪ್ರತಿಗಳು. ಒಂದು ಗ್ರಂಥಲಿಪಿಯ ಕಾಗದದ ಪ್ರತಿ; ಅದರಲ್ಲಿ ಮೊದಲ ಐದು ಅಧ್ಯಾಯಗಳೂ ಸಂಸ್ಕೃತ ವ್ಯಾಖ್ಯಾನವೂ ಇದ್ದವು. ಉಳಿದೆರಡು ಕನ್ನಡ ಲಿಪಿಯ ಓಲೆಯ ಪ್ರತಿಗಳು. ಅವುಗಳಲ್ಲಿ ಒಂದು ಮೊದಲ ಐದು ಅಧ್ಯಾಯಗಳನ್ನೂ ಇನ್ನೊಂದು ಕ್ಷೇತ್ರಗಣಿತವನ್ನೂ ಒಳಗೊಂಡಿದ್ದವು. ಈ ಎರಡು ಓಲೆಯ ಪ್ರತಿಗಳಲ್ಲಿಯೂ ಮೂಲಶ್ಲೋಕಗಳ ಜೊತೆಗೆ, ಉದಾಹರಣೆಯ ಪ್ರಶ್ನೆಗಳಲ್ಲಿ ಬರುವ ಅಂಕಿಗಳೂ ಅವುಗಳ ಉತ್ತರಗಳೂ ಕನ್ನಡದಲ್ಲಿ ಸಂಕ್ಷೇಪವಾಗಿ ಬರೆಯಲ್ಪಟ್ಟಿದ್ದವು.

ಗ್ರಂಥವು ಪೂರ್ಣವಾಗಿ ದೊರೆತದ್ದು ಕರ್ನಾಟಕದಿಂದ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಪ್ರತಿಯು ಜೈನ ಪಂಡಿತರೊಬ್ಬರ ಬಳಿಯಿದ್ದ ಓಲೆಯಿಂದ ಕಾಗದಕ್ಕೆ ಇಳಿಸಿದುದು. ಅದರಲ್ಲಿ ವಲ್ಲಭನೆಂಬವನ ಸಂಕ್ಷಿಪ್ತ ಕನ್ನಡ ಟೀಕೆಯಿದೆ. ತೆಲುಗಿನಲ್ಲಿಯೂ ತಾನು ಟೀಕೆ ಬರೆದುದಾಗಿ ಅವನು ಹೇಳಿಕೊಂಡಿದ್ದಾನೆ. ಐದನೆಯದು ಮೂಡುಬಿದಿರೆಯ ಜೈನಮಠದ ಓಲೆಯಿಂದ ಪ್ರತಿಮಾಡಿದುದು. ಅದೂ ಪೂರ್ಣವಾದುದು, ಅದರಲ್ಲಿಯೂ ಕನ್ನಡದಲ್ಲಿ ಪ್ರಶ್ನೋತ್ತರಗಳ ಸಂಕ್ಷೇಪವಿದೆ. ಮೈಸೂರಿನ ಪ್ರತಿಯ ವಿಷಯದಲ್ಲಿ ರಂಗಾಚಾರ್ಯರ ಅಭಿಪ್ರಾಯವು ಸ್ಮರಣೀಯವಾದುದು. ಅದು ಹಲವೆಡೆ ಅಶುದ್ಧವಾಗಿದ್ದರೂ, ಪೂರ್ಣವಾಗಿದ್ದುದರಿಂದಲೂ ಕನ್ನಡ ಟೀಕೆಯನ್ನು ಒಳಗೊಂಡಿದ್ದುದರಿಂದಲೂ ತಮಗೆ ಬಹಳ ಉಪಯುಕ್ತವಾಯಿತೆಂದು ಅವರು ಒಪ್ಪಿಕೊಂಡಿದ್ದಾರೆ.

ಐದು ಪ್ರತಿಗಳಲ್ಲಿ ನಾಲ್ಕರಲ್ಲಿ ಕನ್ನಡ ವಿವರಣೆಯಿದ್ದುದು ಆಕಸ್ಮಿಕವಲ್ಲ. ಈ ಗ್ರಂಥವು ಕನ್ನಡ ನಾಡಿನಲ್ಲಿ ಪೂಜೆಯ ಪುಸ್ತಕವಾಗಿ ಕಟ್ಟಿಡಲ್ಪಟ್ಟುದಲ್ಲ, ಪಾಠದ ಪುಸ್ತಕವಾಗಿ ಕೈಯಿಂದ ಕೈಗೆ ಸಾಗಿದುದು ಎಂಬುದಕ್ಕೆ ಇದೇ ಸಾಕ್ಷ್ಯ.

2. ವೃತ್ತಗಣಿತದ ಹಿನ್ನೆಲೆ

ಜೈನ ಪರಂಪರೆಯಲ್ಲಿ ವೃತ್ತದ ಗಣಿತವು ಲೋಕಸ್ವರೂಪದ ವಿವೇಚನೆಯೊಡನೆ ಬೆಳೆದು ಬಂದುದು. ಜಂಬೂದ್ವೀಪವು ವೃತ್ತಾಕಾರವಾದುದು, ಅದರ ವಿಷ್ಕಂಭವು ಒಂದು ಲಕ್ಷ ಯೋಜನ ಎಂಬುದು ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯವನ್ನು ಓದಿದವರಿಗೆಲ್ಲ ತಿಳಿದ ವಿಷಯ. ಅದರ ಪರಿಧಿಯೆಷ್ಟು? ವಿಷ್ಕಂಭದ ವರ್ಗವನ್ನು ಹತ್ತರಿಂದ ಗುಣಿಸಿ ಮೂಲವನ್ನು ತೆಗೆಯಬೇಕು. 316227ರ ವರ್ಗವು 99999515529. ಹತ್ತು ಸಾವಿರ ಕೋಟಿಯಲ್ಲಿ ಅದನ್ನು ಕಳೆದರೆ ಉಳಿಯುವುದು 484471. ಈ ಶೇಷವನ್ನು ಮೂಲದ ಇಮ್ಮಡಿಯಾದ 632454ರಿಂದ ಭಾಗಿಸಿ, ದೊರೆತ ಭಾಗವನ್ನು ಕ್ರೋಶ, ಧನುಸ್ಸು, ಅಂಗುಲಗಳಿಗೆ ಇಳಿಸಿದರೆ, ಆಗಮಗಳಲ್ಲಿ ಪ್ರಸಿದ್ಧವಾದ 316227 ಯೋಜನ, 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲಕ್ಕೆ ಕಿಂಚಿತ್ ಅಧಿಕ ಎಂಬ ಪ್ರಮಾಣವೇ ಬರುತ್ತದೆ. ಪರಿಧಿಯ ಅಂಕಿಯನ್ನು ಕಂಠಪಾಠ ಮಾಡಿದವರು ಅನೇಕರು. ಅದು ಬಂದ ದಾರಿಯನ್ನು ನಡೆದು ನೋಡಿದವರು ವಿರಳ. ಉತ್ತರ ತಿಳಿದಿರುವುದು ಬೇರೆ, ದಾರಿ ತಿಳಿದಿರುವುದು ಬೇರೆ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ವೃತ್ತವನ್ನು ಛೇದಿಸುವ ಜ್ಯೆ, ಅದರ ನಡುವಿನಿಂದ ಪರಿಧಿಗೆ ನೆಟ್ಟನೆ ಹೋಗುವ ಬಾಣ, ಅವೆರಡನ್ನು ಆವರಿಸುವ ಧನುಸ್ಸು, ಈ ಮೂರರ ಸಂಬಂಧವನ್ನು ತತ್ತ್ವಾರ್ಥಾಧಿಗಮದ ಭಾಷ್ಯವು ಸೂತ್ರೀಕರಿಸಿದೆ. ಶ್ವೇತಾಂಬರ ಪರಂಪರೆಯು ಆ ಭಾಷ್ಯವನ್ನು ಉಮಾಸ್ವಾತಿಗಳದೆಂದೇ ಎಣಿಸುತ್ತದೆ. ವಿಷ್ಕಂಭದಲ್ಲಿ ಬಾಣವನ್ನು ಕಳೆದು, ಶೇಷವನ್ನು ಬಾಣದಿಂದ ಗುಣಿಸಿ, ಅದರ ನಾಲ್ಮಡಿಯ ಮೂಲವನ್ನು ತೆಗೆದರೆ ಜ್ಯೆ ಬರುತ್ತದೆ. ಭರತಕ್ಷೇತ್ರದ ವಿಸ್ತಾರವು 526 ಯೋಜನ ಮತ್ತು ಯೋಜನದ 19ರಲ್ಲಿ 6 ಭಾಗ. ಅದನ್ನು ಬಾಣವೆಂದು ಹಿಡಿದು ಈ ಸೂತ್ರದಂತೆ ಲೆಕ್ಕಿಸಿದರೆ ಜ್ಯೆಯು 14471 ಯೋಜನ ಮತ್ತು ಯೋಜನದ 19ರಲ್ಲಿ ಸುಮಾರು ಐದೂವರೆ ಭಾಗವಾಗುತ್ತದೆ. ಬಳಿಕ ಕ್ರಿ.ಶ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಕಾಲದವರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿಯೂ ವೃತ್ತದ ನಿಯಮಗಳು ಬಂದಿವೆ.

ಇಂದಿನ ಶಾಲಾಪಠ್ಯವು 'ಸ್ಪರ್ಶಕ' ಎಂದು ಕರೆಯುವ ರೇಖೆಯು ಈ ಜ್ಯೆಗೆ ದೂರದ್ದಲ್ಲ. ಬಾಣವು ಕಿರಿದಾದಂತೆ ಜ್ಯೆಯೂ ಕಿರಿದಾಗುತ್ತ ಪರಿಧಿಯ ಅಂಚಿಗೆ ಸರಿಯುತ್ತದೆ. ಬಾಣದ ತುದಿಯಲ್ಲಿ, ಜ್ಯೆಗೆ ಸಮಾನಾಂತರವಾಗಿ ಎಳೆದ ರೇಖೆಯು ವೃತ್ತವನ್ನು ಛೇದಿಸದೆ ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ಬಾಣವು ವಿಷ್ಕಂಭದ ಮೇಲೆಯೇ ಇರುವುದರಿಂದ ಸ್ಪರ್ಶರೇಖೆಯು ಆ ಬಿಂದುವಿಗೆ ಬರುವ ತ್ರಿಜ್ಯಕ್ಕೆ ಲಂಬವಾಗಿರುತ್ತದೆ. ಗಣಿತಸಾರಸಂಗ್ರಹದ ಎರಡು ಸೂತ್ರಗಳು ನಿಂತಿರುವುದು ಈ ಒಂದು ಮಾತಿನ ಮೇಲೆ.

3. ಒಳವೃತ್ತದ ಸೂತ್ರ

ಮೊದಲನೆಯದು ಕ್ಷೇತ್ರದ ಒಳಗಿನ ವೃತ್ತವನ್ನು ಕುರಿತದ್ದು. ಕ್ಷೇತ್ರದ ಸೂಕ್ಷ್ಮಫಲವನ್ನು ಅದರ ಸುತ್ತಳತೆಯ ಕಾಲು ಭಾಗದಿಂದ ಭಾಗಿಸಿದರೆ ಒಳವೃತ್ತದ ವಿಷ್ಕಂಭ ದೊರೆಯುತ್ತದೆ, ಆಯತಕ್ಷೇತ್ರಕ್ಕೆ ಮಾತ್ರ ಇದು ಸಲ್ಲದು ಎಂಬುದು ಆಚಾರ್ಯರ ವಿಧಿ. ನೆರೆಮನೆಯ ವಿದ್ಯಾರ್ಥಿಯ ತ್ರಿಭುಜಕ್ಕೆ ಇದನ್ನು ಹಚ್ಚಿ ನೋಡೋಣ. 13, 14, 15 ಭುಜಗಳುಳ್ಳ ತ್ರಿಭುಜದ ಫಲ 84, ಸುತ್ತಳತೆ 42, ಅದರ ಕಾಲು ಭಾಗ ಹತ್ತೂವರೆ. 84ನ್ನು ಹತ್ತೂವರೆಯಿಂದ ಭಾಗಿಸಿದರೆ 8. ವಿಷ್ಕಂಭ 8 ಆದರೆ ತ್ರಿಜ್ಯ 4. ಪುಸ್ತಕದ ಕೊನೆಯ ಉತ್ತರವೇ ಬಂದಿತು.

ಇದು ಏಕೆ ಹೀಗೆ? ಸೂತ್ರವು ಅದನ್ನು ಹೇಳುವುದಿಲ್ಲ. ಕೇಂದ್ರದಿಂದ ಮೂರು ಸ್ಪರ್ಶಬಿಂದುಗಳಿಗೆ ಎಳೆದ ತ್ರಿಜ್ಯಗಳು ಆಯಾ ಭುಜಗಳಿಗೆ ಲಂಬವಾಗಿರುತ್ತವೆ. ಕೇಂದ್ರವನ್ನು ಮೂರು ಶೃಂಗಗಳಿಗೆ ಸೇರಿಸಿದರೆ ದೊಡ್ಡ ತ್ರಿಭುಜವು ಮೂರು ಕಿರಿಯ ತ್ರಿಭುಜಗಳಾಗಿ ಒಡೆಯುತ್ತದೆ. ಮೂರಕ್ಕೂ ಎತ್ತರ ಒಂದೇ, ಅದು ವೃತ್ತದ ತ್ರಿಜ್ಯ. ಪಾದಗಳು ಮಾತ್ರ ಬೇರೆ ಬೇರೆ. ಆದುದರಿಂದ ಒಟ್ಟು ಫಲವು ಸುತ್ತಳತೆಯ ಅರ್ಧವನ್ನು ತ್ರಿಜ್ಯದಿಂದ, ಎಂದರೆ ಸುತ್ತಳತೆಯ ಕಾಲು ಭಾಗವನ್ನು ವಿಷ್ಕಂಭದಿಂದ, ಗುಣಿಸಿದುದಕ್ಕೆ ಸಮ. ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶರೇಖೆಗಳು ಸಮ ಎಂಬ ಮಾತೂ ಇದೇ ಚಿತ್ರದಲ್ಲಿ ಕಾಣುತ್ತದೆ: ಈ ತ್ರಿಭುಜದ ಶೃಂಗಗಳಿಂದ ಸ್ಪರ್ಶಬಿಂದುಗಳಿಗಿರುವ ದೂರಗಳು ಕ್ರಮವಾಗಿ 6, 7 ಮತ್ತು 8. ಆರೂ ಏಳೂ ಸೇರಿ 13, ಆರೂ ಎಂಟೂ ಸೇರಿ 14, ಏಳೂ ಎಂಟೂ ಸೇರಿ 15.

ಆಯತವನ್ನು ಹೊರತುಪಡಿಸಿದುದು ಆಚಾರ್ಯರ ಸೂಕ್ಷ್ಮ ದೃಷ್ಟಿಗೆ ನಿದರ್ಶನ. ಉದ್ದ 12, ಅಗಲ 5 ಇರುವ ಆಯತವನ್ನು ತೆಗೆದುಕೊಳ್ಳೋಣ. ಫಲ 60, ಸುತ್ತಳತೆ 34, ಅದರ ಕಾಲು ಭಾಗ ಎಂಟೂವರೆ. ಭಾಗಿಸಿದರೆ 7 ಮತ್ತು 17ರಲ್ಲಿ 1 ಭಾಗ ಬರುತ್ತದೆ. ಆದರೆ ಕ್ಷೇತ್ರದ ಅಗಲವೇ 5! ಆ ವೃತ್ತವು ಒಳಗೆ ಹಿಡಿಸುವುದೇ ಇಲ್ಲ. ಆಯತದೊಳಗಿನ ವೃತ್ತವು ಹೆಚ್ಚೆಂದರೆ ಮೂರು ಬದಿಗಳನ್ನು ಮುಟ್ಟಬಲ್ಲುದು, ನಾಲ್ಕನ್ನೂ ಮುಟ್ಟಲಾರದು. ಎಲ್ಲ ಬದಿಗಳನ್ನೂ ಮುಟ್ಟಬೇಕೆಂಬ ನಿಯಮ ಮನಸ್ಸಿನಲ್ಲಿ ಇಲ್ಲದಿದ್ದರೆ ಈ ಅಪವಾದವನ್ನು ಹೇಳುವ ಕಾರಣವೇ ಇರುತ್ತಿರಲಿಲ್ಲ. ಮಹಾವೀರಾಚಾರ್ಯರಲ್ಲಿ ಸ್ಪರ್ಶರೇಖೆಯ ಪ್ರಮೇಯವು ಬಿಡಿಯಾಗಿ ನಿರೂಪಿತವಾಗಿರದಿದ್ದರೂ ಅದರ ಅರಿವು ಅವರ ಲೆಕ್ಕದಲ್ಲಿ ಕೆಲಸ ಮಾಡಿದೆ ಎಂಬುದಕ್ಕೆ ಆ ಒಂದು ಅಪವಾದವೇ ಸಾಕು.

ಇಲ್ಲಿ ಶಿಷ್ಯನಿಗೆ ಹೇಳಬೇಕಾದ ಇನ್ನೊಂದು ಎಚ್ಚರಿಕೆಯೂ ಇದೆ. ಎದುರುಬದುರಾದ ಭುಜಗಳ ಮೊತ್ತಗಳು ಸಮವಾಗಿರುವ ಚತುರ್ಭುಜಕ್ಕೆ ಮಾತ್ರ ಒಳವೃತ್ತವಿರುತ್ತದೆ. ಆಯತವಲ್ಲದ ಚತುರ್ಭುಜಗಳಲ್ಲಿಯೂ ಈ ಲಕ್ಷಣವಿಲ್ಲದವು ಹಲವು. ಸೂತ್ರದ ಅಕ್ಷರವನ್ನು ಮಾತ್ರ ಹಿಡಿದು ಹೋಗುವವನು ಅಲ್ಲಿ ಎಡವುತ್ತಾನೆ. ಇಂಥ ಎಡೆಯಲ್ಲಿ ಕೈಹಿಡಿದು ನಡೆಸುವುದೇ ಟೀಕೆಯ ಕೆಲಸ.

4. ಒಂದನ್ನೊಂದು ಮುಟ್ಟುವ ವೃತ್ತಗಳು

ಎರಡನೆಯ ಸೂತ್ರವು ಇನ್ನೂ ರಮಣೀಯವಾದುದು. ಸಮಾನವಾದ ನಾಲ್ಕು ವೃತ್ತಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವುಗಳ ನಡುವೆ ಉಳಿಯುವ ಜಾಗದ ಫಲವೆಷ್ಟು? ವಿಷ್ಕಂಭದ ವರ್ಗದಲ್ಲಿ ಒಂದು ವೃತ್ತದ ಫಲವನ್ನು ಕಳೆಯಬೇಕು. ಮೂರು ಸಮವೃತ್ತಗಳ ನಡುವಣ ಜಾಗಕ್ಕೆ, ವಿಷ್ಕಂಭವನ್ನೇ ಭುಜವಾಗಿ ಉಳ್ಳ ಸಮತ್ರಿಭುಜದ ಫಲದಲ್ಲಿ ವೃತ್ತದ ಅರ್ಧಫಲವನ್ನು ಕಳೆಯಬೇಕು.

ವಿಷ್ಕಂಭವು 10 ಎಂದಿಟ್ಟುಕೊಳ್ಳೋಣ. ವರ್ಗ 100. ವೃತ್ತದ ಫಲವನ್ನು ಆಚಾರ್ಯರು ಎರಡು ಬಗೆಯಾಗಿ ಹೇಳುತ್ತಾರೆ. ವ್ಯಾವಹಾರಿಕ ರೀತಿಯಲ್ಲಿ ಪರಿಧಿಯು ವಿಷ್ಕಂಭದ ಮೂರು ಮಡಿ. ಆಗ ಫಲ 75, ನಡುವಣ ಜಾಗ 25. ಸೂಕ್ಷ್ಮ ರೀತಿಯಲ್ಲಿ ಪರಿಧಿಯು ಹತ್ತರ ವರ್ಗಮೂಲದಿಂದ ಗುಣಿತವಾದ ವಿಷ್ಕಂಭ. ಆಗ ಫಲ ಸುಮಾರು 79.06, ನಡುವಣ ಜಾಗ 20.94. ಇಂದಿನ ಗಣಿತದಂತೆ ಫಲ 78.54, ಜಾಗ 21.46. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ವೃತ್ತದ ಫಲದಲ್ಲಿ ವ್ಯಾವಹಾರಿಕ ರೀತಿಯ ದೋಷವು ನೂರಕ್ಕೆ ನಾಲ್ಕೂವರೆಯಷ್ಟು ಮಾತ್ರ. ನಡುವಣ ಜಾಗದಲ್ಲಿ ಅದೇ ದೋಷವು ನೂರಕ್ಕೆ ಹದಿನಾರನ್ನು ಮೀರುತ್ತದೆ. ಸೂಕ್ಷ್ಮ ರೀತಿಯಲ್ಲಾದರೋ ದೋಷವು ನೂರಕ್ಕೆ ಎರಡೂವರೆಯ ಒಳಗೇ ನಿಲ್ಲುತ್ತದೆ. ಮೂರು ವೃತ್ತಗಳ ಲೆಕ್ಕದಲ್ಲಿ ಅಂತರವು ಇನ್ನೂ ಹೆಚ್ಚು: ಸಮತ್ರಿಭುಜದ ಫಲ 43.30, ಜಾಗವು ವ್ಯಾವಹಾರಿಕದಲ್ಲಿ 5.80, ಸೂಕ್ಷ್ಮದಲ್ಲಿ 3.77, ಇಂದಿನ ಗಣಿತದಲ್ಲಿ 4.03. ಉಳಿಕೆಯು ಕಿರಿದಾದಷ್ಟೂ ಸೂಕ್ಷ್ಮಗಣಿತದ ಅವಶ್ಯಕತೆ ಹಿರಿದು ಎಂಬ ಪಾಠವು ಇದರಿಂದ ದೊರೆಯುತ್ತದೆ.

ಸೂತ್ರದ ಕಾರಣವು ಮತ್ತೆ ಸ್ಪರ್ಶದಲ್ಲಿಯೇ ಇದೆ. ಎರಡು ವೃತ್ತಗಳು ಹೊರಗಿನಿಂದ ಮುಟ್ಟಿಕೊಂಡರೆ ಸ್ಪರ್ಶಬಿಂದುವಿನಲ್ಲಿ ಎರಡಕ್ಕೂ ಒಂದೇ ಸ್ಪರ್ಶರೇಖೆ. ಎರಡರ ತ್ರಿಜ್ಯಗಳೂ ಅದಕ್ಕೆ ಲಂಬ. ಆದುದರಿಂದ ಎರಡು ಕೇಂದ್ರಗಳೂ ಸ್ಪರ್ಶಬಿಂದುವೂ ಒಂದೇ ಸರಳರೇಖೆಯಲ್ಲಿ ನಿಲ್ಲುತ್ತವೆ. ಕೇಂದ್ರಗಳ ನಡುವಣ ದೂರವು ವಿಷ್ಕಂಭಕ್ಕೆ ಸಮ. ನಾಲ್ಕು ಕೇಂದ್ರಗಳನ್ನು ಸೇರಿಸಿದರೆ ಸಮಚತುರಸ್ರ. ಅದರ ಪ್ರತಿಯೊಂದು ಮೂಲೆಯಲ್ಲಿ ವೃತ್ತದ ಕಾಲು ಭಾಗ. ನಾಲ್ಕು ಕಾಲು ಸೇರಿ ಒಂದು ವೃತ್ತ. ಮೂರು ಕೇಂದ್ರಗಳನ್ನು ಸೇರಿಸಿದರೆ ಸಮತ್ರಿಭುಜ. ಮೂಲೆಗೆ ಆರನೆಯ ಒಂದು ಭಾಗದಂತೆ ಮೂರು ಸೇರಿ ಅರ್ಧವೃತ್ತ.

ಈಗ, ಚಿತ್ರವಿಲ್ಲದ ಪ್ರತಿಯನ್ನು ಓದುವ ಶಿಷ್ಯನನ್ನು ಕಲ್ಪಿಸಿಕೊಳ್ಳೋಣ. ವಿಷ್ಕಂಭದ ವರ್ಗದಲ್ಲಿ ವೃತ್ತಫಲವನ್ನು ಕಳೆಯುವ ವಿಧಿಯನ್ನು ಓದಿದ ಅವನು, ಒಂದು ವೃತ್ತದ ಹೊರಗೆ ನಾಲ್ಕು ಬದಿಗಳಿಂದ ಮುಟ್ಟುವ ಚತುರಸ್ರವನ್ನು ಬರೆದುಕೊಂಡು, ಮೂಲೆಗಳಲ್ಲಿ ಉಳಿಯುವ ನಾಲ್ಕು ತುಣುಕುಗಳೇ ಕೇಳಿದ ಜಾಗವೆಂದು ತಿಳಿಯಬಹುದು. ವಿಚಿತ್ರವೆಂದರೆ, ಅವನ ಉತ್ತರ ಸರಿಯಾಗಿಯೇ ಬರುತ್ತದೆ! ಆ ನಾಲ್ಕು ತುಣುಕುಗಳ ಮೊತ್ತವೂ 20.94. ಓಲೆಯಲ್ಲಿ ಬರೆದ ಉತ್ತರದೊಡನೆ ಹೋಲಿಸಿ ನೋಡಿ ಅವನು ತೃಪ್ತನಾಗುತ್ತಾನೆ. ಮುಂದಿನ ಲೆಕ್ಕಕ್ಕೆ ಬಂದಾಗ, ಅದೇ ಬಗೆಯಲ್ಲಿ ಒಂದು ವೃತ್ತದ ಸುತ್ತ ಸಮತ್ರಿಭುಜವನ್ನು ಬರೆದು ಮೂಲೆಗಳ ತುಣುಕುಗಳನ್ನು ಎಣಿಸಿದರೆ ಉತ್ತರ ಕೂಡುವುದಿಲ್ಲ. ಆಗ ಅವನು ಸೂತ್ರವೇ ತಪ್ಪೆಂದೋ ಲಿಪಿಕಾರನು ತಪ್ಪಿದನೆಂದೋ ಭ್ರಮಿಸುತ್ತಾನೆ. ತಪ್ಪು ಇರುವುದು ಅವನ ಮನಸ್ಸಿನ ಚಿತ್ರದಲ್ಲಿ. ಇಂಥ ಭ್ರಮೆಯು ಶಿಷ್ಯನಿಗೆ ಮಾತ್ರವಲ್ಲ, ಪಾಠವನ್ನು ತಿದ್ದಲು ಹೊರಟ ಸಂಪಾದಕನಿಗೂ ಬರಬಹುದು. ಉತ್ತರವು ಸರಿಯಾಗಿದ್ದ ಮಾತ್ರಕ್ಕೆ ತಿಳಿವಳಿಕೆಯು ಸರಿಯಾಗಿರಬೇಕೆಂದಿಲ್ಲ; ಉತ್ತರವು ಕೂಡದಿದ್ದ ಮಾತ್ರಕ್ಕೆ ಮೂಲಪಾಠವು ಅಶುದ್ಧವೆಂದೂ ಅಲ್ಲ.

5. ಓಲೆಯೂ ಚಿತ್ರವೂ

ಹಾಗಾದರೆ ಚಿತ್ರವನ್ನು ಏಕೆ ಬರೆಯಲಿಲ್ಲ ಎಂಬ ಪ್ರಶ್ನೆ ಸಹಜ. ಓಲೆಯ ಗುಣವನ್ನು ಬಲ್ಲವರಿಗೆ ಇದರ ಉತ್ತರ ತಿಳಿದಿದೆ. ಓಲೆಯು ಉದ್ದವಾದರೂ ಅಗಲ ಕಿರಿದು. ಅದರಲ್ಲಿ ಹಲವು ಸಾಲುಗಳನ್ನು ಒತ್ತಾಗಿ ಬರೆಯುವ ಲಿಪಿಕಾರನು ಒಂದು ಚಿತ್ರಕ್ಕಾಗಿ ಎಲ್ಲ ಸಾಲುಗಳನ್ನೂ ಒಡೆಯಬೇಕಾಗುತ್ತದೆ. ಕಬ್ಬಿಣದ ಕಂಟದಿಂದ ಕೊರೆದು ಮಸಿ ತೊಡೆಯುವ ಬರವಣಿಗೆಯಲ್ಲಿ ಓಲೆಯ ನಾರಿನ ಜಾಡಿನಲ್ಲಿಯೇ ಉದ್ದವಾದ ನೇರಗೆರೆಯನ್ನು ಎಳೆದರೆ ಓಲೆ ಸೀಳುವ ಭಯವುಂಟು. ನಮ್ಮ ಲಿಪಿಗಳು ದುಂಡಗಾದುದಕ್ಕೂ ಇದೇ ಕಾರಣವೆಂದು ಹೇಳುವ ವಾಡಿಕೆಯಿದೆ. ದುಂಡು ಗೆರೆಯನ್ನು ತಾಳಿಕೊಳ್ಳುವ ಓಲೆಯು ಅದನ್ನು ಮುಟ್ಟುವ ಸರಳರೇಖೆಯನ್ನು ತಾಳಿಕೊಳ್ಳಲಾರದು. ಜೊತೆಗೆ, ಲಿಪಿಕಾರನು ಅಕ್ಷರವನ್ನು ಬಲ್ಲವನೇ ಹೊರತು ಗಣಿತವನ್ನು ಬಲ್ಲವನೇ ಆಗಿರಬೇಕೆಂಬ ನಿಯಮವಿಲ್ಲ. ಶ್ಲೋಕಕ್ಕೆ ಛಂದಸ್ಸಿನ ಕಾವಲಿದೆ, ಒಂದು ಮಾತ್ರೆ ತಪ್ಪಿದರೂ ಬಲ್ಲವರ ಕಿವಿಗೆ ತಿಳಿಯುತ್ತದೆ. ಚಿತ್ರಕ್ಕೆ ಅಂಥ ಕಾವಲಿಲ್ಲ. ಪ್ರತಿಯಿಂದ ಪ್ರತಿಗೆ ಸಾಗುವಾಗ ಮೊದಲು ನಷ್ಟವಾಗುವುದು ಚಿತ್ರ, ಅನಂತರ ಅಂಕಿ, ಕೊನೆಗೆ ಶ್ಲೋಕ.

ಗುರುವು ನೆಲದ ಮೇಲೋ ಹಲಗೆಯ ಮೇಲೋ ಹರಡಿದ ಮರಳಿನಲ್ಲಿ ಬೆರಳಿನಿಂದ ಚಿತ್ರವನ್ನು ಬರೆದು ತೋರಿಸುತ್ತಿದ್ದನು. ಪಾಠ ಮುಗಿದೊಡನೆ ಅದು ಅಳಿಸಿಹೋಗುತ್ತಿದ್ದಿತು. ಓಲೆಗೆ ಇಳಿದುದು ಶ್ಲೋಕವೂ ಅದರ ಪಕ್ಕದ ನಾಲ್ಕಾರು ಕನ್ನಡ ಮಾತುಗಳೂ ಮಾತ್ರ. ಆ ಕನ್ನಡ ಮಾತುಗಳು ಮರಳಿನ ಪಾಠದ ಏಕೈಕ ಅವಶೇಷ.

6. ಕನ್ನಡ ಟಿಪ್ಪಣಿಯ ಬೆಲೆ

ಇಂಥ ಟಿಪ್ಪಣಿಯಲ್ಲಿ ಮೂರು ಬಗೆಯ ನೆರವುಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಅಂಕಿಗಳ ನಿರ್ಣಯ. ಮಹಾವೀರಾಚಾರ್ಯರು ಸಂಖ್ಯೆಗಳನ್ನು ಭೂತಸಂಖ್ಯೆಯ ಮಾತುಗಳಲ್ಲಿ ಹೇಳುವುದು ವಿಶೇಷ. ಒಂದು ಅಕ್ಷರ ತಪ್ಪಿದರೆ ಸಂಖ್ಯೆಯೇ ಬೇರೆಯಾದೀತು. ಪಕ್ಕದಲ್ಲಿ ಅಂಕಿಯನ್ನು ಬರೆದಿದ್ದರೆ ಸಂದೇಹ ನಿವಾರಣೆಯಾಗುತ್ತದೆ. ಎರಡನೆಯದಾಗಿ, ಉತ್ತರ. ಅಂಕಿಯೂ ಉತ್ತರವೂ ಇದ್ದಲ್ಲಿ ಸೂತ್ರದ ಪಾಠವನ್ನು ಪರೀಕ್ಷಿಸಬಹುದು. ಎರಡು ಪಾಠಾಂತರಗಳಲ್ಲಿ ಯಾವುದರಿಂದ ಆ ಉತ್ತರ ಬರುತ್ತದೆಯೋ ಟೀಕಾಕಾರನ ಮುಂದಿದ್ದ ಪಾಠ ಅದೇ ಎಂದು ಊಹಿಸಬಹುದು. ಮೂರನೆಯದಾಗಿ, ಪದಾರ್ಥ. ಕ್ಷೇತ್ರದ ಯಾವ ಅಂಗಕ್ಕೆ ಯಾವ ಹೆಸರು, ಆ ಹೆಸರಿಗೆ ಊರಿನ ಜನ ಬಳಸುತ್ತಿದ್ದ ಮಾತು ಯಾವುದು ಎಂಬುದು ಟೀಕೆಯಲ್ಲದೆ ಬೇರೆಲ್ಲಿಯೂ ದೊರೆಯದು. ಕನ್ನಡ ಶಾಸ್ತ್ರಭಾಷೆಯ ಚರಿತ್ರೆಗೆ ಇದು ಅಮೂಲ್ಯವಾದ ಸಾಮಗ್ರಿ.

ಟಿಪ್ಪಣಿಗೆ ಮಿತಿಯೂ ಉಂಟು. ಅಂಕಿ ಮತ್ತು ಉತ್ತರಗಳಿಂದ ಮಾತ್ರ ತಿಳಿವಳಿಕೆ ಪೂರ್ಣವಾಗದೆಂಬುದನ್ನು ನಾಲ್ಕು ವೃತ್ತಗಳ ಉದಾಹರಣೆಯಲ್ಲಿ ಕಂಡೆವು. ಆದುದರಿಂದಲೇ ವಲ್ಲಭನಂಥವರ ಟೀಕೆಗಳು ಹೆಚ್ಚಿನ ಮಹತ್ತ್ವವನ್ನು ಪಡೆಯುತ್ತವೆ.

ಸೂತ್ರ, ಟೀಕೆ, ಉದಾಹರಣೆ ಈ ಮೂರೂ ಸೇರಿದರೇ ಪಾಠ ಎಂಬ ತಿಳಿವು ನಮ್ಮ ಕವಿಗಳಿಗೂ ಇದ್ದಿತು. ಹನ್ನೆರಡನೆಯ ಶತಮಾನದವನೆಂದು ಎಣಿಸಲಾಗುವ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮುಂತಾದ ಗಣಿತಗ್ರಂಥಗಳನ್ನು ರಚಿಸಿದನು. ಅವನ ಕೃತಿಗಳಲ್ಲಿ ಒಂದರ ಹೆಸರು ಜೈನಗಣಿತಸೂತ್ರಟೀಕೋದಾಹರಣ. ಹೆಸರಿನಲ್ಲಿಯೇ ಮೂರೂ ಅಂಗಗಳಿವೆ. ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಗ್ರಂಥವೆಂದು ಕರೆದು ಉಳಿದೆರಡನ್ನು ಅಂಚಿನ ಬರಹವೆಂದು ತಳ್ಳಿಹಾಕುವ ರೂಢಿ ನಮ್ಮದೇ ಹೊರತು ಅವನ ಕಾಲದ್ದಲ್ಲ.

ರಂಗಾಚಾರ್ಯರ ಆವೃತ್ತಿಯ ಅನುಬಂಧದಲ್ಲಿ ಎಲ್ಲ ಪ್ರಶ್ನೆಗಳ ಉತ್ತರಗಳ ಪಟ್ಟಿಯಿದೆ. ಓಲೆಗಳ ಕನ್ನಡ ಟಿಪ್ಪಣಿ ಮಾತ್ರ ಆ ಆವೃತ್ತಿಯಲ್ಲಿ ಅಚ್ಚಾಗಲಿಲ್ಲ. ಆ ಕಾಲಕ್ಕೆ ಮೂಲವನ್ನು ಉಳಿಸುವುದೇ ಮೊದಲ ಕರ್ತವ್ಯವಾಗಿದ್ದಿತು. ಅದನ್ನು ಆ ಮಹನೀಯರು ಅನ್ಯಾದೃಶವಾಗಿ ನೆರವೇರಿಸಿದರು. ಬಳಿಕ 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಲಕ್ಷ್ಮೀಚಂದ್ರ ಜೈನರ ಹಿಂದೀ ಆವೃತ್ತಿಯೂ, 2000ದಲ್ಲಿ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಮತ್ತು ಟಿಪ್ಪಣಿಗಳನ್ನುಳ್ಳ ಆವೃತ್ತಿಯೂ ಹೊರಬಂದವು. ಇಂದಿನ ಕನ್ನಡ ಓದುಗನಿಗೆ ಗ್ರಂಥದ ಅರ್ಥವು ಈಗ ನಿಲುಕುತ್ತದೆ. ಅಂದಿನ ಕನ್ನಡ ಶಿಷ್ಯನು ಅದನ್ನು ಹೇಗೆ ಅರ್ಥಮಾಡಿಕೊಂಡನು ಎಂಬ ಪ್ರಶ್ನೆಗೆ ಓಲೆಗಳೇ ಉತ್ತರ ಹೇಳಬೇಕು.

7. ಕೆಲವು ಸೂಚನೆಗಳು

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಪ್ರಕಟವಾಗಿ ನಮ್ಮ ಭಂಡಾರಗಳ ಸಂಪತ್ತನ್ನು ಲೋಕಕ್ಕೆ ತೋರಿಸಿತು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭವಾದ ಮೇಲೆ ಓಲೆಗಳ ಛಾಯಾಚಿತ್ರಣದ ಕಾರ್ಯಕ್ಕೂ ಹೊಸ ಚಾಲನೆ ದೊರೆಯಿತು. ಓಲೆಯ ಪ್ರತಿಬಿಂಬವು ಸಿಕ್ಕಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಸೂಚಿಯಲ್ಲಿ ಗ್ರಂಥದ ಹೆಸರು, ಕರ್ತೃ, ಓಲೆಗಳ ಸಂಖ್ಯೆ ಇಷ್ಟನ್ನೇ ನಮೂದಿಸಿದರೆ, ಅದರೊಳಗಿನ ಕನ್ನಡ ಟಿಪ್ಪಣಿಯು ಇದ್ದೂ ಇಲ್ಲದಂತಾಗುತ್ತದೆ. ಹುಡುಕುವವನಿಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಆದುದರಿಂದ ಗಣಿತದ ಹಸ್ತಪ್ರತಿಗಳನ್ನು ವರ್ಣಿಸುವಾಗ ಈ ಅಂಶಗಳನ್ನು ತಪ್ಪದೆ ನಮೂದಿಸುವುದು ಯುಕ್ತವೆಂದು ತೋರುತ್ತದೆ. ಒಂದು, ಮೂಲದ ಜೊತೆಗೆ ಬೇರೆ ಭಾಷೆಯ ವಿವರಣೆಯಿದೆಯೇ, ಅದು ಎಲ್ಲ ಅಧಿಕಾರಗಳಿಗೂ ಇದೆಯೇ, ಕೆಲವಕ್ಕೆ ಮಾತ್ರವೇ. ಎರಡು, ಅದು ಅಂಕಿ ಮತ್ತು ಉತ್ತರ ಮಾತ್ರವೇ, ಪದಾರ್ಥವನ್ನೂ ದಾರಿಯನ್ನೂ ಹೇಳುವ ಟೀಕೆಯೇ. ಮೂರು, ಕ್ಷೇತ್ರದ ಚಿತ್ರಗಳಿವೆಯೇ. ಇಲ್ಲದಿದ್ದರೆ ಅವಕ್ಕಾಗಿ ಬಿಟ್ಟ ಖಾಲಿ ಜಾಗವಾದರೂ ಇದೆಯೇ. ಖಾಲಿ ಜಾಗವೂ ಒಂದು ಸಾಕ್ಷ್ಯವೇ, ಮಾತೃಪ್ರತಿಯಲ್ಲಿ ಚಿತ್ರವಿದ್ದಿರಬೇಕೆಂಬುದನ್ನು ಅದು ಸೂಚಿಸುತ್ತದೆ. ನಾಲ್ಕು, ಟಿಪ್ಪಣಿಯ ಉತ್ತರವು ಅಚ್ಚಾದ ಉತ್ತರದೊಡನೆ ಕೂಡದಿರುವ ಸ್ಥಳಗಳು ಯಾವುವು. ತಪ್ಪಾದ ಉತ್ತರವನ್ನು ತಿದ್ದದೆ, ಇದ್ದಂತೆಯೇ ಬರೆದುಕೊಳ್ಳಬೇಕು. ಶಿಷ್ಯನು ಎಡವಿದ ಸ್ಥಳವು ಅವನು ನಡೆದ ದಾರಿಯನ್ನು ತೋರಿಸುತ್ತದೆ.

ಕ್ಷೇತ್ರಗಣಿತ ಅಧಿಕಾರದ ಕನ್ನಡ ಟಿಪ್ಪಣಿಗಳನ್ನೂ ವಲ್ಲಭನ ಟೀಕೆಯ ಆ ಭಾಗವನ್ನೂ ಲಭ್ಯವಿರುವ ಪ್ರತಿಗಳೊಡನೆ ಹೋಲಿಸಿ, ಚಿತ್ರಗಳ ಸಹಿತ ಒಂದು ಚಿಕ್ಕ ಸಂಪುಟವಾಗಿ ಪ್ರಕಟಿಸುವುದು ಕಷ್ಟಸಾಧ್ಯವಾದ ಕಾರ್ಯವೇನಲ್ಲ. ಸಂಸ್ಕೃತವನ್ನೂ ಹಳಗನ್ನಡವನ್ನೂ ಬಲ್ಲ ಪಂಡಿತರೊಬ್ಬರು, ಗಣಿತವನ್ನು ಬಲ್ಲ ಅಧ್ಯಾಪಕರೊಬ್ಬರು ಕೂಡಿ ಕುಳಿತರೆ ಸಾಕು. ಮಠಗಳ ಮತ್ತು ಭಂಡಾರಗಳ ಅಧಿಕಾರಿಗಳ ಉದಾರ ಸಹಕಾರವು ಇದಕ್ಕೆ ದೊರೆಯುವುದೆಂಬ ಭರವಸೆಯಿದೆ.

ನೆರೆಮನೆಯ ವಿದ್ಯಾರ್ಥಿಯು ಮರುದಿನ ಮತ್ತೆ ಬಂದಿದ್ದನು. 13, 14, 15ರ ಲೆಕ್ಕವನ್ನು ಸುತ್ತಳತೆಯ ಕಾಲು ಭಾಗದಿಂದ ಭಾಗಿಸುವ ಬಗೆಯಲ್ಲಿ ಮಾಡಿ ತೋರಿಸಿದಾಗ ತನ್ನ ಉಪಾಧ್ಯಾಯರು ಮೆಚ್ಚಿ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರೆಂದು ಹೇಳಿದನು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನೃಪತುಂಗನ ಕಾಲದಲ್ಲಿ ಬರೆದ ಪುಸ್ತಕದಲ್ಲಿದೆ ಎಂದು ತಿಳಿಸಿದಾಗ ಅವನಿಗೆ ಆಶ್ಚರ್ಯ. "ಆಗಿನ ಹುಡುಗರಿಗೆ ಚಿತ್ರ ಯಾರು ಬರೆದುಕೊಡುತ್ತಿದ್ದರು?" ಎಂದು ಅವನು ಕೇಳಿದನು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಓಲೆಗಳು ನಮ್ಮ ಭಂಡಾರಗಳಲ್ಲಿವೆ. ಅವುಗಳ ಕನ್ನಡ ಸಾಲುಗಳನ್ನೂ ಗ್ರಂಥದ ಭಾಗವೆಂದೇ ಬಗೆದು ಓದುವ ಕೆಲಸಕ್ಕೆ ವಿದ್ವಾಂಸರು ಮನಸ್ಸು ಮಾಡಬೇಕೆಂದು ಪ್ರಾರ್ಥಿಸುತ್ತೇವೆ.